ಎರಡು ಡಬ್ಬಿಗಳ ನಡುವೆ ನೆಗೆಣ್ಣಿಯ ಪದ

ಹಾಡು ಎಲ್ಲಿ ಇರುತ್ತದೆ ಎಂಬುದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಮೊದಲು ತಿಳಿದಿತ್ತು. ಕ್ಯಾಸೆಟ್ಟಿನಲ್ಲಿ ಇರುತ್ತಿತ್ತು. ಕಂದು ಬಣ್ಣದ ಪಟ್ಟಿ ಈ ಗಾಲಿಯಿಂದ ಆ ಗಾಲಿಗೆ ಸುತ್ತಿಕೊಳ್ಳುತ್ತ ಹೋಗುತ್ತಿತ್ತು, ಹಾಡು ಬರುತ್ತಿತ್ತು. ಪಟ್ಟಿ ಸಿಕ್ಕಿಕೊಂಡರೆ ಪೆನ್ಸಿಲ್ ತುರುಕಿ ತಿರುವುತ್ತಿದ್ದೆವು. ಹಾಡು ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ಕೈಯಲ್ಲೇ ಹಿಡಿದಿರುತ್ತಿದ್ದೆವು. ಈಗ ಮಗ ಹೇಳುತ್ತಾನೆ, ಹಾಡು ಫೈಲಿನಲ್ಲಿ ಇರುತ್ತದೆ ಎಂದು. ಫೈಲ್ ಎಲ್ಲಿದೆ ಎಂದರೆ ಫೋನಿನಲ್ಲಿ ಎನ್ನುತ್ತಾನೆ. ಫೋನಿನಲ್ಲಿ ಎಲ್ಲಿ ಎಂದರೆ ಸಿಟ್ಟಾಗುತ್ತಾನೆ.

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಹುಟ್ಟಿದ್ದು ಅಫಜಲಪುರದ ಕಡೆ, ಕೊಟ್ಟಿದ್ದು ಜೇವರ್ಗಿಗೆ. ಬರೆಯುವುದು ಕೈಗೆ ರೂಢಿ ಇಲ್ಲ. ಆದರೂ ನನ್ನ ಮಗನ ಎರಡನೆಯ ಮಗಳ ತೊಟ್ಟಿಲಿನ ಹೊತ್ತಿಗೆ ನಮ್ಮ ಮನೆಯಲ್ಲಿ ಆದದ್ದನ್ನು ಒಂದು ಕಡೆ ಬರೆದಿಡಬೇಕು ಅನ್ನಿಸಿದೆ. ಇನ್ನೊಬ್ಬರು ಹೇಳಿದರೆ ತಮಗೆ ಬೇಕಾದಂತೆ ತಿರುಗಿಸಿ ಹೇಳುತ್ತಾರೆ. ತಪ್ಪು ನನ್ನದಿತ್ತು, ಹಾಗಾಗಿ ನಾನೇ ಹೇಳುವುದು ಸರಿ.

ಮೊದಲು ಹಾಡಿನ ಸೆಟ್ಟಿನ ಮಾತು. ನಮ್ಮವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ದಿನವಿಡೀ ಗಿರಣಿಯ ಗದ್ದಲದಲ್ಲಿ ನಿಂತು ಬಂದು, "ಕಿವಿ ಹೊಲಸಾಗ್ಯಾವ, ತೊಳಕೋಬೇಕು" ಅನ್ನುತ್ತಿದ್ದರು. ಕಿವಿ ತೊಳೆದುಕೊಳ್ಳುವುದಕ್ಕೆಂದು ಸೊಲ್ಲಾಪುರಕ್ಕೆ ಹೋಗಿ ಒಂದು ಸೆಟ್ಟು ತಂದರು. ಕಬ್ಬಿಣದ ಆಂಪ್ಲಿಫೈಯರ್, ಎತ್ತಿದರೆ ನಡ ಹಿಡಿಯುವಷ್ಟು ಭಾರ. ಅದರ ಮೇಲೆ ಕ್ಯಾಸೆಟ್ ಹಾಕುವ ಪೆಟ್ಟಿಗೆ. ಮೊಣಕಾಲೆತ್ತರದ ಎರಡು ಕಟ್ಟಿಗೆಯ ಸ್ಪೀಕರ್ ಡಬ್ಬಿ. ಒಂದನ್ನು ಪಡಸಾಲೆಯ ಈ ಮೂಲೆಗೆ ಇಟ್ಟರು, ಇನ್ನೊಂದನ್ನು ಆ ಮೂಲೆಗೆ. ಯಾರೋ ಹೆಂಗಸಿನ ಹಾಡು ಹಚ್ಚಿ, ಹಿಟ್ಟು ನಾದುತ್ತಿದ್ದ ನನ್ನನ್ನು ಎಬ್ಬಿಸಿಕೊಂಡು ಬಂದು ಎದುರಿಗೆ ಕುರ್ಚಿಯ ಮೇಲೆ ಕೂಡ್ರಿಸಿದರು.

"ನಟ್ಟನಡುವ ಕೂಡು. ಈಗ ಹೇಳು, ದನಿ ಎಲ್ಲಿಂದ ಬರಾಕತ್ತದ?"

"ಡಬ್ಬ್ಯಾಗಿಂದ."

"ಯಾವ ಡಬ್ಬ್ಯಾಗಿಂದ?"

"ಎರಡ್ರಾಗಿಂದೂ. ತವಾ ಕಾದದ, ಬಿಡ್ರಿ ನನ್ನ."

"ಹುಚ್ಚಿ, ನಡುವಿಂದ ಬರಾಕತ್ತದ. ಆಕಿ ಗ್ವಾಡಿ ನಡುವ ನಿಂತು ಹಾಡಿದಂಗ ಕೇಳಸ್ತದ ನೋಡು."

ಗೋಡೆಯ ನಡುವೆ ಕ್ಯಾಲೆಂಡರ್ ತೂಗುಹಾಕಿತ್ತು. ಕ್ಯಾಲೆಂಡರ್ ಹಾಡುತ್ತದೆ ಅನ್ನುವ ಗಂಡನ ಜೊತೆ ಏನು ವಾದ ಮಾಡುವುದು ಎಂದು ಎದ್ದು ಹೋದೆ. ಅವರು ತೀರಿಕೊಂಡ ಮೇಲೆ ಸೆಟ್ಟಿಗೆ ಹಳೆಯ ಲುಂಗಿ ಹೊದಿಸಿ, ಅದರ ಮೇಲೆ ನನ್ನ ಹೊಲಿಗೆಯ ಬುಟ್ಟಿ ಇಟ್ಟೆ. ಬುಟ್ಟಿ ಇಡುವುದಕ್ಕೆ ಚಲೋ ಎತ್ತರ.

ಇನ್ನು ನೆಗೆಣ್ಣಿಯ ಮಾತು. ನಮ್ಮವರ ಅಣ್ಣನ ಹೆಂಡತಿ. ಕೊಳಕೂರಿನಲ್ಲಿ ಹೊಲಮನೆ ನೋಡಿಕೊಂಡಿದ್ದಾಳೆ. ನಾನು ಆಕೆಯನ್ನು ಅಕ್ಕ ಅನ್ನುತ್ತೇನೆ. ನಮಗಿಬ್ಬರಿಗೂ ಅಷ್ಟಕ್ಕಷ್ಟೇ. ಆಕೆ ಹಾಡುವವಳು, ನಾನು ಕೆಲಸ ಮಾಡುವವಳು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ತೊಟ್ಟಿಲ ದಿನ ಮನೆಯ ಹಿರಿಯ ಸೊಸೆ ತೊಟ್ಟಿಲ ಪದ ಹಾಡಬೇಕು. ಆ ಪದದಲ್ಲಿ ಕೂಸಿನ ಬಳಗದವರು ಒಬ್ಬೊಬ್ಬರಾಗಿ ಬರುತ್ತಾರೆ. ಅಜ್ಜಿ ಹೊದಿಸಲು ಕೌದಿ ತರುತ್ತಾಳೆ, ಸೋದರಮಾವ ಉಡಿದಾರ ತರುತ್ತಾನೆ. ಎಲ್ಲರಿಗಿಂತ ಕಡೆಗೆ ಸೋದರತ್ತೆ ಬರುತ್ತಾಳೆ. ಪದ ಸೋದರತ್ತೆಯ ಸಾಲಿಗೆ ಬಂದಾಗಲೇ ಆಕೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕು. ಅದಕ್ಕೆ ಮೊದಲು ಹೆಸರು ಬಾಯಿಗೆ ಬರಬಾರದು. ಈ ಪದ ನಮ್ಮ ಅತ್ತೆಯಿಂದ ನೆಗೆಣ್ಣಿಗೆ ಬಂದಿತ್ತು. ನನಗೆ ಬರಲಿಲ್ಲ. ಆಕೆ ಹಾಡುವಾಗಲೆಲ್ಲ ನಾನು ಒಲೆಯ ಮುಂದೆ ಇರುತ್ತಿದ್ದೆ.

ಹಿರಿಯ ಸೊಸೆಗೆ ಹಾಡಲು ಆಗದಿದ್ದರೆ ಬೀಗರ ಕಡೆಯ ಹೆಂಗಸರು ತಮ್ಮ ಮನೆಯ ಪದ ಹಾಡುತ್ತಾರೆ. ಅಲ್ಲಿಗೆ ನಮ್ಮದು ಮುಗಿಯಿತು.

ನೆಗೆಣ್ಣಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿ ಎರಡು ವರ್ಷವಾಗಿತ್ತು. ಈಗ ಬಾಯಿಂದ ಬರುವುದು ಬರೀ ಉಸಿರು. ಕಿವಿ ತಂದು ಬಾಯಿಯ ಹತ್ತಿರ ಇಟ್ಟರೆ ಮಾತು ತಿಳಿಯುತ್ತದೆ. ತೊಟ್ಟಿಲಿಗೆ ಕರೆಯಲು ನಾನು ಕೊಳಕೂರಿಗೆ ಹೋದಾಗ ಆಕೆ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಕರೆದೆ. ತಲೆ ಅಲ್ಲಾಡಿಸಿದಳು. ಕಿವಿ ಹತ್ತಿರ ಒಯ್ದೆ.

"ನಾ ಬರಂಗಿಲ್ಲ. ಬಾಯಿ ಇಲ್ದಾಕಿ ತೊಟ್ಟಿಲ ಮುಂದ ಕುಂತು ಏನ್ ಮಾಡ್ಲಿ? ಗುಗ್ಗರಿ ತಿನ್ಲೇನು?"

"ಗುಗ್ಗರಿನೂ ತಿನ್ನು, ಪದಾನೂ ಹಾಡು."

ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಳು.

"ಯಕ್ಕಾ, ನಿನ್ನ ದನಿ ನಮ್ಮನಿ ಟ್ರಂಕಿನ್ಯಾಗ ಅದ. ನಾದಿನಿ ಕೂಸಿನ ತೊಟ್ಟಿಲ ಹೊತ್ತಿಗೆ ನಮ್ಮವರು ಕ್ಯಾಸೆಟ್ಟಿನ್ಯಾಗ ತುಂಬಿಟ್ಟಾರ. ಅದನ್ನ ದೊಡ್ಡ ಸೆಟ್ಟಿಗೆ ಹಚ್ಚತೀವಿ. ನೀ ತೊಟ್ಟಿಲ ಬಾಜೂಕ ಕೂಡು ಸಾಕು."

"ಖರೇನು?"

"ನಾ ಕೆಟ್ಟ ಮಾತ ಆಡೇನಿ, ಸುಳ್ಳ ಯಾವಾಗರ ಆಡೀನೇನು?"

ಆಕೆ ಮತ್ತೆ ನನ್ನ ಕಿವಿ ಎಳೆದುಕೊಂಡಳು. "ಆಳಂದದವ್ರು ಬರ್ತಾರೇನು?"

ಸೊಸೆಯ ತವರು ಆಳಂದ. "ಜೀಪ್ ತುಂಬ ಬರ್ತಾರ," ಅಂದೆ.

"ಅವ್ರ ಮುಂದ ನಾ ಮೂಕಿ ಆಗಿ ಕುಂದ್ರಬಾರ್ದು ನೋಡು."

"ಆಗಂಗಿಲ್ಲ," ಅಂದೆ. ಮಾತು ಕೊಟ್ಟು ಬಂದೆ. ಮಾತು ಕೊಡುವಾಗ ಸೆಟ್ಟಿನ ಮೇಲೆ ಹೊಲಿಗೆಯ ಬುಟ್ಟಿ ಇದೆ ಎಂಬುದು ನೆನಪಿಗೆ ಬರಲಿಲ್ಲ.

ಮನೆಗೆ ಬಂದು ಲುಂಗಿ ತೆಗೆಸಿ ನೋಡಿದರೆ ಕ್ಯಾಸೆಟ್ ಪೆಟ್ಟಿಗೆ ಕೆಟ್ಟಿತ್ತು. ಒಳಗಿನ ರಬ್ಬರ್ ಕರಗಿ ಬೆಲ್ಲದ ಪಾಕದಂತಾಗಿತ್ತು. ಗಿರಣಿ ಈಗ ಮಗನ ಕೈಯಲ್ಲಿದೆ, ಗಿರಣಿಯ ಯಂತ್ರ ಬಿಚ್ಚಿ ಕೂಡಿಸುವವನು. ಇದನ್ನು ನೋಡಿ ಅವನೂ ಕೈಚೆಲ್ಲಿದ. ಆದರೆ ಆಂಪ್ಲಿಫೈಯರಿಗೆ ಕರೆಂಟ್ ಕೊಟ್ಟಾಗ ಕೆಂಪು ದೀಪ ಹತ್ತಿತು. ಎರಡೂ ಡಬ್ಬಿ ಗುಂಯ್ ಅಂದವು.

"ಯವ್ವಾ, ಇದು ಜೀವಂತ ಅದ. ಕ್ಯಾಸೆಟ್ ನಾ ಕಲಬುರಗಿಗೆ ಒಯ್ದು ಫೈಲ್ ಮಾಡಿಸ್ಕೊಂಡು ಬರ್ತೇನಿ. ಫೈಲ್ ಆದ ಮ್ಯಾಲ ಇದಕ್ಕ ಹಾಡು ಕಳಸಾಕ ಹತ್ತು ದಾರಿ ಅವ."

ಹತ್ತು ದಾರಿ ಅಂದದ್ದೇ ನನಗೆ ಸರಿ ಬರಲಿಲ್ಲ. ಒಂದು ಹಾಡಿಗೆ ಒಂದು ದಾರಿ ಸಾಲದೇ?

ಕಲಬುರಗಿಯ ಅಂಗಡಿಯವನು ಹತ್ತು ದಿನ ಹೇಳಿದ. ಅಲ್ಲಿಯವರೆಗೆ ಸುಮ್ಮನೆ ಕೂಡುವುದೇಕೆ ಎಂದು ಮಗ ದಾರಿಗಳನ್ನು ಹುಡುಕಲು ಶುರುಮಾಡಿದ. ಮೊದಲನೆಯದು ಸಾಬೂನಿನಷ್ಟು ದೊಡ್ಡ ಒಂದು ಕರಿಯ ಡಬ್ಬಿ. ಅದರಿಂದ ಕೆಂಪು ಬಿಳಿ ಎರಡು ವೈರು ಹೊರಟು ಆಂಪ್ಲಿಫೈಯರಿನ ಬೆನ್ನಿಗೆ ಸೇರಿದವು. ಫೋನಿಗೂ ಆ ಡಬ್ಬಿಗೂ ನಡುವೆ ವೈರು ಇರಲಿಲ್ಲ. ಹಾಡು ಗಾಳಿಯಲ್ಲಿ ಬರುತ್ತದೆ ಅಂದ. ಬಂತು ಕೂಡ. ಯಾರೋ ಹೆಂಗಸು ವಚನ ಹಾಡಿದಳು. ನಾನು ಗಾಳಿಯಲ್ಲಿ ಕೈಯಾಡಿಸಿ ನೋಡಿದೆ, ಏನೂ ಹತ್ತಲಿಲ್ಲ. ಚಲೋ ಆಯಿತು ಎಂದು ಕುಳಿತು ಕಡಲೆ ಸುಲಿಯುತ್ತಿದ್ದಾಗ ವಚನ ತುಂಡು ತುಂಡಾಗಿ, ಕಡೆಗೆ ನಿಂತೇಬಿಟ್ಟಿತು. ಸೆಟ್ಟಿನ ಮೇಲೆ ಎರಡು ಸಲ ಗುದ್ದಿದೆ. ಆಮೇಲೆ ತಿಳಿಯಿತು, ಮಗ ಫೋನ್ ಜೇಬಿನಲ್ಲಿ ಇಟ್ಟುಕೊಂಡು ಗಿರಣಿಗೆ ಹೋಗಿದ್ದ. ಹಾಡು ಅವನ ಜೇಬಿನಲ್ಲಿ ಹೋಗಿತ್ತು.

ಮರುದಿನ ನಡೆದದ್ದು ಇನ್ನೂ ವಿಚಿತ್ರ. ಮಗ ಮನೆಯಲ್ಲಿ ಇರಲಿಲ್ಲ. ಸೊಸೆ ಬಾಣಂತಿ, ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಸೆಟ್ಟಿನ ದೀಪ ಹತ್ತಿಯೇ ಇತ್ತು. ಇದ್ದಕ್ಕಿದ್ದ ಹಾಗೆ ಎರಡೂ ಡಬ್ಬಿಯಿಂದ ಒಬ್ಬ ಗಂಡಸು ಒದರಿದ.

"ನೋಡ್ರಿ ಅಣ್ಣಾರೆ, ಎರಡನೇ ಸೂಲು! ಮೈ ನೋಡ್ರಿ, ಕೆಚ್ಚಲ ನೋಡ್ರಿ! ಭಾಳ ಸಮಾಧಾನಿ!"

ಒಳಗಿಂದ ಸೊಸೆ, "ಅತ್ತೀ! ಯಾರ್ರಿ ಅದು, ಯಾರ ಬಗ್ಗೆ ಮಾತಾಡಾಕತ್ತಾರ್ರಿ?"

"ನಿನ್ನ ಬಗ್ಗೆ ಅಲ್ಲ ಬೇ, ಮಲ್ಕೋ. ಸಮಾಧಾನಿ ಅನ್ನಾಕತ್ತಾನ."

ಅಷ್ಟರಲ್ಲಿ ಪಕ್ಕದ ಮನೆಯ ಹಾಲಿನವನು ಗೋಡೆಯ ಮೇಲೆ ತಲೆ ಎತ್ತಿದ. "ಯಮ್ಮಾ, ನನ್ನ ಫೋನಿನ್ಯಾಗ ಎಮ್ಮಿ ಕಾಣಸಾಕತ್ತದ, ದನಿ ಬರವಲ್ದು ನೋಡ್ರಿ."

"ದನಿ ನಮ್ಮನಿಗೆ ಬಂದದ. ಬಂದು ಒಯ್ಯಿ," ಅಂದೆ.

ಹಿಂದಿನ ದಿನ ಮಗ ಪರೀಕ್ಷೆಗೆಂದು ಅವನ ಫೋನನ್ನೂ ಆ ಕರಿಯ ಡಬ್ಬಿಗೆ ಕೂಡಿಸಿ ನೋಡಿದ್ದನಂತೆ. ಡಬ್ಬಿ ಅದನ್ನು ನೆನಪಿಟ್ಟುಕೊಂಡಿತ್ತಂತೆ. ನಾನು ಮಗನಿಗೆ ಹೇಳಿದೆ, ತೊಟ್ಟಿಲ ದಿನ ಆಳಂದದವರ ಮುಂದೆ ಎಮ್ಮೆ ಮಾರುವವನು ಬಂದರೆ ನಿನ್ನನ್ನು ಮನೆಗೆ ಸೇರಿಸುವುದಿಲ್ಲ ಎಂದು. ಗಾಳಿಯ ದಾರಿ ಅಲ್ಲಿಗೆ ಬಂದ್.

ಎರಡನೆಯದು ವೈರಿನ ದಾರಿ. ವೈರಿನ ಒಂದು ತುದಿ ಫೋನಿಗೆ, ಇನ್ನೊಂದು ತುದಿ ಸೆಟ್ಟಿಗೆ. ವೈರು ತಂದ ಮೇಲೆ ನೋಡಿದರೆ ಹೊಸ ಫೋನಿಗೆ ಆ ತೂತೇ ಇಲ್ಲ. ಹಳೆಯ ಫೋನಿಗೆ ಇತ್ತು, ಹೊಸದು ತುಟ್ಟಿ ಫೋನು, ಅದಕ್ಕೆ ಇಲ್ಲ. ಮೂರನೆಯದು ಟಿವಿಯ ದಾರಿ. ಟಿವಿಯನ್ನು ಸೆಟ್ಟಿಗೆ ಕೂಡಿಸಿದ. ದನಿ ಬಂತು, ಆದರೆ ಟಿವಿಯೊಳಗಿನವರು ಬಾಯಿ ಮುಚ್ಚಿದ ಮೇಲೆ ಡಬ್ಬಿಯಿಂದ ಮಾತು ಬರುತ್ತಿತ್ತು. ನೋಡಿ ನನಗೆ ತಲೆ ತಿರುಗಿತು. ನಾಲ್ಕನೆಯದು ನೆಟ್ಟಿನ ದಾರಿ. ಜಗತ್ತಿನ ಹಾಡೆಲ್ಲ ಅದರಲ್ಲಿ ಇವೆ ಅಂದ.

"ಅಕ್ಕನ ಪದ ಅದಾವೇನು?"

"ಅವು ಹ್ಯಾಂಗ ಇರ್ತಾವ ಯವ್ವಾ?"

"ಮತ್ತ ಜಗತ್ತಿಂದೆಲ್ಲಾ ಅಂದಿ?"

ಅವನು ತಲೆ ಕೆರೆದುಕೊಂಡು ಹೊರಗೆ ಹೋದ.

ಹೀಗೆ ಒಂದು ವಾರ ಪಡಸಾಲೆಯಲ್ಲಿ ವೈರುಗಳು ಹಾವಿನಂತೆ ಬಿದ್ದಿದ್ದವು. ನಾನು ಒಂದನ್ನು ದಾಟಿ ಇನ್ನೊಂದನ್ನು ತುಳಿದು ಓಡಾಡಿದೆ. ನೆಗೆಣ್ಣಿ ಕೊಳಕೂರಿನಿಂದ ಬಂದವರ ಕೈಯಲ್ಲಿ ಎರಡು ಸಲ ಹೇಳಿಕಳಿಸಿದಳು, ಆಯಿತೇನು ಎಂದು. ಎರಡು ಸಲವೂ ಆಗುತ್ತದೆ ಎಂದೆ. ನನಗೆ ನಂಬಿಕೆ ಇರಲಿಲ್ಲ.

ಕಡೆಗೆ ಅಮಾವಾಸ್ಯೆಯ ಮುಂಜಾನೆ ಮಗ ಕಲಬುರಗಿಯಿಂದ ಎರಡು ಸಾಮಾನು ತಂದ. ಒಂದು ಪೆನ್‌ಡ್ರೈವ್, ಹುಣಸೆ ಬೀಜಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಇನ್ನೊಂದು ಅದನ್ನು ಚುಚ್ಚಿ ಹಾಡಿಸುವ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಸೆಟ್ಟಿಗೆ ಕೂಡಿಸಿದರೆ ಮುಗಿಯಿತು. ಗಾಳಿ ಇಲ್ಲ, ಜೇಬು ಇಲ್ಲ, ಎಮ್ಮೆ ಇಲ್ಲ.

"ಇದರಾಗ ಅದಾಳೇನು ಅಕ್ಕ?"

"ಅದಾಳ. ಅಂಗಡ್ಯಾಗ ಹಚ್ಚಿ ಕೇಳಿ ಬಂದೇನಿ. ದನಿ ಗಂಟಿ ಬಾರಿಸಿದಂಗ ಅದ."

"ಪೂರಾ ಕೇಳಿದೇನು?"

"ಮೊದಲ ನಾಕ್ ಸಾಲ ಕೇಳಿದೆ. ಮಂದಿ ಇದ್ರು, ಅಂಗಡಿಯಂವ ಅವಸರ ಮಾಡ್ದ."

ಇದೊಂದು ಮಾತನ್ನು ನಾನು ಅಲ್ಲೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನನ್ನ ಲಕ್ಷ್ಯ ಬೇರೆ ಕಡೆ ಇತ್ತು. ನಮ್ಮ ಮನೆಗೆ ಯಾವ ಹೊಸ ಯಂತ್ರ ಬಂದರೂ ವಿಭೂತಿ ಹಚ್ಚದೆ ಚಾಲೂ ಮಾಡುವುದಿಲ್ಲ. ಗಿರಣಿಗೆ ಹಚ್ಚಿದ್ದೇವೆ, ಫ್ರಿಜ್ಜಿಗೆ ಹಚ್ಚಿದ್ದೇವೆ, ಮಗನ ಬೈಕಿಗೆ ಹಚ್ಚಿದ್ದೇವೆ. ಅದರಲ್ಲೂ ಅಮಾವಾಸ್ಯೆ. ಮಗನ ಕೈಯಿಂದ ಎರಡನ್ನೂ ಕಿತ್ತುಕೊಂಡು ದೇವರ ಜಗುಲಿಯ ಮುಂದೆ ಇಟ್ಟೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಆಂಪ್ಲಿಫೈಯರಿಗೆ ಮೂರು ಬೆರಳು ಎಳೆದೆ, ಎರಡೂ ಡಬ್ಬಿಗೆ ಎಳೆದೆ, ಹೊಸ ಪೆಟ್ಟಿಗೆಗೆ ಎಳೆದೆ. ಪೆನ್‌ಡ್ರೈವಿಗೂ ಎಳೆದೆ. ಒಳಗೆ ಅಕ್ಕ ಇದ್ದಾಳೆ ಎಂದು ಅದಕ್ಕೆ ಎರಡು ಸಲ ಎಳೆದೆ. ಒಂದು ಸೇವಂತಿಗೆ ಹೂವು ಇಟ್ಟು, ತೊಟ್ಟಿಲ ದಿನದವರೆಗೆ ಯಾರೂ ಮುಟ್ಟಬಾರದು ಅಂದೆ.

ಮಗ, "ಒಮ್ಮೆ ಹಚ್ಚಿ ನೋಡ್ತೇನಿ ತಡೀ ಯವ್ವಾ," ಅಂದ.

"ಪೂಜಿ ಮ್ಯಾಲ ಎಬ್ಬಸಬಾರ್ದು. ಗಿರಣಿಗೆ ನಡಿ," ಅಂದೆ.

ಮೂರು ದಿನಕ್ಕೆ ತೊಟ್ಟಿಲು. ಅವತ್ತು ಭಾನುವಾರ. ನನ್ನ ಮಗಳು, ಅಂದರೆ ಕೂಸಿನ ಸೋದರತ್ತೆ, ಅಫಜಲಪುರದಿಂದ ಸೊನ್ನದ ಬ್ಯಾರೇಜ್ ದಾಟಿ ಮುಂಜಾನೆಯೇ ಬಂದಳು. ನೆಗೆಣ್ಣಿ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಗಂಟಲಿನ ಗಾಯದ ಕಲೆ ಕಾಣದಂತೆ ಸೆರಗು ಸುತ್ತಿಕೊಂಡಿದ್ದಳು. ಆಳಂದದವರು ಹತ್ತು ಗಂಟೆಗೆ ಬಂದರು. ಹೆಂಗಸರೇ ಹದಿನಾಲ್ಕು. ಬೀಗಿತ್ತಿ ಬಾಗಿಲಲ್ಲೇ ನಿಂತು ನೆಗೆಣ್ಣಿಯನ್ನು ನೋಡಿ ನನಗೆ ಹೇಳಿದಳು, "ಪಾಪ, ದನಿ ಹೋಗ್ಯಾದಂತಲ್ರಿ. ಚಿಂತಿ ಮಾಡಬ್ಯಾಡ್ರಿ, ನಮ್ಮ ಕಡಿ ಹಾಡವ್ರು ನಾಕ್ ಮಂದಿ ಬಂದಾರ."

"ಹಾಡವ್ರು ನಮ್ಮಲ್ಲೂ ಅದಾರ್ರಿ. ಕೂಡ್ರಿ," ಅಂದೆ.

ನೆಗೆಣ್ಣಿಯನ್ನು ತೊಟ್ಟಿಲಿನ ಪಕ್ಕ ಕೂಡ್ರಿಸಿದೆ. ತೊಟ್ಟಿಲು ಕ್ಯಾಲೆಂಡರಿನ ಗೋಡೆಗೇ ಇತ್ತು, ಎರಡು ಡಬ್ಬಿಗಳ ನಡುವೆ. ಮಗ ಜಗುಲಿಯಿಂದ ಪೆನ್‌ಡ್ರೈವ್ ತಂದು ಪೆಟ್ಟಿಗೆಗೆ ಚುಚ್ಚಿದ. ಎಲ್ಲರೂ ಡಬ್ಬಿಗಳ ಕಡೆ ತಿರುಗಿದರು. ಏನೂ ಬರಲಿಲ್ಲ.

ತೆಗೆದು ಮತ್ತೆ ಚುಚ್ಚಿದ. ತಿರುಗಿಸಿ ಚುಚ್ಚಲು ನೋಡಿದ, ಹೋಗಲಿಲ್ಲ. ಆಂಪ್ಲಿಫೈಯರಿನ ಬೆನ್ನಿನ ವೈರು ಕಿತ್ತು ಅದಲುಬದಲು ಮಾಡಿದ. ಗುಂಯ್ ಅಂತು, ಹಾಡು ಇಲ್ಲ. ಅಂಗಡಿಯವನಿಗೆ ಫೋನ್ ಹಚ್ಚಿದ. ಭಾನುವಾರ, ಅವನು ಎತ್ತಲಿಲ್ಲ. ಮಗನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಪೆಟಗಿ ಕೆಟ್ಟದೇನೋ," ಅಂದ.

"ಹೊಸಾದು ಹ್ಯಾಂಗ ಕೆಡ್ತದ?"

"ಪೆನ್‌ಡ್ರೈವ್ ಓದವಲ್ದು ಯವ್ವಾ."

ಓದುವುದೆಂದರೆ ಏನು, ಅದಕ್ಕೆ ಅಕ್ಷರ ಬರುತ್ತದೆಯೇ, ಎಂದು ಕೇಳುವ ಹೊತ್ತು ಅದಲ್ಲ. ನಾನು ನೆಗೆಣ್ಣಿಯ ಕಡೆ ನೋಡಲಿಲ್ಲ. ನೋಡದಿದ್ದರೂ ಆಕೆ ಸೆರಗು ಬಿಗಿ ಮಾಡಿಕೊಳ್ಳುವುದು ಕಂಡಿತು. ಬೀಗಿತ್ತಿ ತನ್ನ ಕಡೆಯ ಹಾಡುವವಳಿಗೆ ಕಣ್ಣು ಮಾಡಿದಳು. ಆಕೆ ಗಂಟಲು ಸರಿಮಾಡಿಕೊಂಡಳು. ಇನ್ನೆರಡು ನಿಮಿಷವಾಗಿದ್ದರೆ ಆಳಂದದ ಪದ ಶುರುವಾಗುತ್ತಿತ್ತು.

ಸೊಸೆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತವಳು, "ಇಲ್ಲಿ ಕೊಡ್ರಿ," ಎಂದು ಗಂಡನ ಕೈಯಿಂದ ಪೆನ್‌ಡ್ರೈವ್ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

"ಅತ್ತೀ, ಇದರ ಬಾಯಾಗ ಬೆಳ್ಳಗ ಏನೋ ಗಟ್ಟಿ ಆಗ್ಯಾದ್ರಿ."

ನೋಡುವುದೇ ಬೇಕಿರಲಿಲ್ಲ. ಅಲ್ಲೇ ತಿಳಿಯಿತು.

"ಈಬತ್ತಿ," ಅಂದೆ. "ನಾನೇ ಹಚ್ಚೇನಿ. ಎರಡ್ ಸಲ."

ಹದಿನಾಲ್ಕು ಹೆಂಗಸರು ನನ್ನ ಕಡೆ ತಿರುಗಿದರು. ಮಗ ಬಾಯಿ ತೆರೆದ. "ಬಾಯಿ ಮುಚ್ಚು. ಹಲ್ಲುಜ್ಜೋ ಬ್ರಶ್ ತಾ, ಒಣಾದು," ಅಂದೆ. ಸೆಟ್ಟಿನ ಪಕ್ಕಕ್ಕೆ ಸರಿಸಿದ್ದ ಹೊಲಿಗೆಯ ಬುಟ್ಟಿಯಿಂದ ಸಣ್ಣ ಸೂಜಿ ತೆಗೆದುಕೊಂಡೆ. ಸೊಸೆ ಹಿಡಿದಳು, ನಾನು ಕೆರೆದೆ. ಅಕ್ಕಿಕಾಳಿನಷ್ಟು ವಿಭೂತಿ ಉದುರಿತು. ಬ್ರಶ್ ಆಡಿಸಿದೆ, ಊದಿದೆ. ಬೀಗಿತ್ತಿ, "ದೇವರ ಮ್ಯಾಲ ಭಾಳ ಭಕ್ತಿ ಅದ್ರಿ ಬೀಗಿತ್ತಿಗೆ," ಅಂದಳು. ಇರಲಿ, ಅನ್ನುವುದಕ್ಕೆ ಅವಕಾಶ ಕೊಟ್ಟವಳು ನಾನೇ.

ಸೊಸೆ ಕೂಸನ್ನು ತೊಟ್ಟಿಲಿಗೆ ಹಾಕಿದಳು, ಮಗ ಮತ್ತೆ ಚುಚ್ಚಿದ. ಪೆಟ್ಟಿಗೆಯಲ್ಲಿ ಹಸಿರು ದೀಪ ಮಿಣುಕಿತು. ಸ್ಸ್ ಎಂಬ ಸದ್ದು ಬಂತು, ಹಳೆಯ ಕ್ಯಾಸೆಟ್ಟಿನ ಸದ್ದು. ಆಮೇಲೆ ನೆಗೆಣ್ಣಿ ಹಾಡಿದಳು.

ಈಗ ಹೇಳುವುದನ್ನು ನಂಬುವವರು ನಂಬಿ. ದನಿ ಈ ಡಬ್ಬಿಯಿಂದ ಬರಲಿಲ್ಲ, ಆ ಡಬ್ಬಿಯಿಂದಲೂ ಬರಲಿಲ್ಲ. ನಟ್ಟನಡುವಿನಿಂದ ಬಂತು. ನಡುವೆ ಇದ್ದದ್ದು ತೊಟ್ಟಿಲು ಮತ್ತು ನೆಗೆಣ್ಣಿ. ಆಕೆ ಕುಳಿತಲ್ಲಿಂದಲೇ, ಆಕೆಯ ಬಾಯಿಯ ಎತ್ತರದಿಂದಲೇ ಪದ ಹೊರಟಿತು. ಆಕೆಯೂ ತುಟಿ ಅಲ್ಲಾಡಿಸುತ್ತಿದ್ದಳು. ಬೀಗಿತ್ತಿ ಆಕೆಯ ಬಾಯಿಯನ್ನೇ ನೋಡುತ್ತ ಕುಳಿತಳು. ಹಿಂದಿದ್ದ ಒಬ್ಬ ಮುದುಕಿ, "ದನಿ ಹೋಗ್ಯಾದ ಅಂದ್ರಿ, ಹಾಡಾಕತ್ತಾಳಲ್ರಿ!" ಅಂದಳು. ನಾನು ಎದ್ದು ಡಬ್ಬಿಗೆ ಕಿವಿ ಹಚ್ಚಿ ನೋಡಬೇಕೆಂದಿದ್ದೆ. ಎದ್ದರೆ ಹೋಗಿಬಿಡುತ್ತದೇನೋ ಎಂದು ಕುಳಿತೆ. ಇದು ಹೇಗಾಗುತ್ತದೆ ಎಂದು ಆಮೇಲೆ ಮಗನನ್ನು ಕೇಳಿದೆ. ಎರಡೂ ಡಬ್ಬಿಯಿಂದ ಒಂದೇ ದನಿ ಸಮಸಮ ಬಂದರೆ ಕಿವಿಗೆ ನಡುವಿಂದ ಬಂದಂತೆ ಕೇಳಿಸುತ್ತದಂತೆ. ನಮ್ಮವರು ಹೇಳಿದ್ದೇ ಅದು. ಆದರೂ ನನಗೆ ತಿಳಿದಿಲ್ಲ.

ಪದದಲ್ಲಿ ಅಜ್ಜಿ ಬಂದಳು, ಕೌದಿ ತಂದಳು. ಆಳಂದದ ಹೆಂಗಸರೂ ಸಾಲಿನ ಕೊನೆಗೆ ಜೋ ಜೋ ಎಂದು ದನಿ ಕೂಡಿಸಿದರು. ಮಾವ ಬಂದ, ಉಡಿದಾರ ತಂದ. ಇನ್ನು ಅತ್ತೆ ಬರಬೇಕು. ನನ್ನ ಮಗಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿ ಕಾದಳು. ಸೋದರತ್ತೆ ಹೆಸರು ಕರೆದ ಕೂಡಲೇ ಆಕೆಯ ಬೆನ್ನಿಗೆ ಗುದ್ದಬೇಕು, ಅದೂ ಪದ್ಧತಿ. ಹೆಂಗಸರೆಲ್ಲ ಕೈ ಎತ್ತಿಕೊಂಡು ನಿಂತರು.

ಅಷ್ಟರಲ್ಲಿ ಡಬ್ಬಿಯಿಂದ ಇನ್ನೊಂದು ದನಿ ಬಂತು. ಹರೆಯದ ದನಿ, ಮೆಣಸಿನಕಾಯಿ ಕಡಿದಂತಹ ದನಿ.

"ಇನ್ನಾ ಎಷ್ಟೊತ್ತ ಹಾಡ್ತೀರಿ ಬೇ! ಐವತ್ತ್ ಮಂದಿಗೆ ರೊಟ್ಟಿ ಯಾರ್ ಬಡೀಬೇಕು, ನಾ ಒಬ್ಬಾಕೀನೇನು? ಬಂದ್ ಮಾಡ್ರಿ ಅದನ್ನ!"

ಟಕ್ ಅಂತು. ನಿಂತಿತು.

ಅದು ನಾನು. ಅಷ್ಟು ವರ್ಷದ ಹಿಂದೆ ಒಲೆಯ ಮುಂದಿಂದ ಎದ್ದು ಬಂದು ನಾನೇ ಒದರಿದ್ದೆ, ನಮ್ಮವರು ಹೆದರಿ ಗುಂಡಿ ಒತ್ತಿ ತುಂಬುವುದನ್ನು ನಿಲ್ಲಿಸಿದ್ದರು. ನನಗೆ ನೆನಪೇ ಇರಲಿಲ್ಲ. ಪಡಸಾಲೆ ಪೂರ್ತಿ ನಕ್ಕಿತು. ಸೊಸೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬಗ್ಗಿದ ಮಗಳು ಬಗ್ಗಿದಲ್ಲಿಂದಲೇ, "ಯವ್ವಾ, ನನ್ನ ನಡಾ ಹೋತು, ಮುಂದಿಂದು ಎಲ್ಲಿ?" ಅಂದಳು.

ಮುಂದಿನದು ಇರಲಿಲ್ಲ. ಮಗ ಪೆಟ್ಟಿಗೆಯ ಗುಂಡಿಗಳನ್ನೆಲ್ಲ ಒತ್ತಿದ. ಫೈಲ್ ಅಲ್ಲಿಗೆ ಮುಗಿದಿತ್ತು. ಅತ್ತೆಯ ಸಾಲು ಬರದೆ ಹೆಸರು ಕರೆಯುವಂತಿಲ್ಲ. ಶುರುವಾದ ಪದ ನಡುವೆ ಬಿಟ್ಟು ಬೇರೆ ಮನೆಯ ಪದ ಹಿಡಿಯುವಂತೆಯೂ ಇಲ್ಲ. ನಗು ಒಂದೊಂದಾಗಿ ನಿಂತಿತು. ಈಗ ನೆಗೆಣ್ಣಿಯ ಕಡೆ ನೋಡಲೇಬೇಕಾಯಿತು. ಆಕೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು ಎಳೆದು ಪಕ್ಕಕ್ಕೆ ಕೂಡ್ರಿಸಿದಳು. ಹಿಡಿತ ಎಷ್ಟು ಬಿಗಿ ಎಂದರೆ ಐದೂ ಬೆರಳಿನ ಗುರುತು ಮೂಡಿತು. ನನ್ನ ಕಿವಿಯನ್ನು ಬಾಯಿಗೆ ಹಚ್ಚಿಕೊಂಡಳು.

"ನಾ ಹೇಳ್ತೇನಿ. ನೀ ಅನ್ನು."

"ನನಗ ಹಾಡಾಕ ಬರಂಗಿಲ್ಲ."

"ಒದರಾಕ ಬರ್ತದಲ್ಲ. ಅನ್ನು."

ಆಕೆ ಉಸಿರಿನಲ್ಲಿ ಒಂದು ಸಾಲು ಹೇಳಿದಳು, ನಾನು ಅದನ್ನು ದನಿಯಲ್ಲಿ ಅಂದೆ. ರಾಗ ಇರಲಿಲ್ಲ. ಸಂತೆಗೆ ಹೋಗುವವರಿಗೆ ಸಾಮಾನು ಹೇಳಿಕಳಿಸಿದಂತೆ ಅಂದೆ. ಆಕೆ ನನ್ನ ಮೊಣಕಾಲಿಗೆ ಕೈಯಿಂದ ಬಡಿದು ತಾಳ ಹಾಕಿದಳು. ತಾಳ ತಪ್ಪಿದಾಗ ಜೋರಾಗಿ ಬಡಿದಳು. ಹೆಂಗಸರು ಜೋ ಜೋ ಅಂದರು, ಬೀಗಿತ್ತಿಯೂ ಅಂದಳು.

"ಹೊಳಿಯ ದಾಟಿ ಬಂದಾಳ ಅತ್ತಿ, ಬರಿಗೈಲಿ ಬಂದಿಲ್ಲ,
ಕೂಸಿನ ಹೆಸರ ತುಟಿಮ್ಯಾಲ ತಂದಾಳ ಜೋ ಜೋ."

ಮಗಳು ಕಿವಿಯಲ್ಲಿ ಹೆಸರು ಕರೆದಳು. ಹದಿನಾಲ್ಕು ಜನ ಆಳಂದದವರು ಆಕೆಯ ಬೆನ್ನಿಗೆ ದಬದಬ ಗುದ್ದಿದರು. ಕೂಸು ಅತ್ತಿತು. ಗುಗ್ಗರಿ ಹಂಚಿದೆವು. ಹೋಗುವಾಗ ಬೀಗಿತ್ತಿ ನೆಗೆಣ್ಣಿಯ ಕಾಲಿಗೆ ನಮಸ್ಕಾರ ಮಾಡಿ, "ಮುಂದಿನ ತೊಟ್ಟಲಕ್ಕೂ ನೀವೇ ಹಾಡ್ಬೇಕ್ರಿ," ಅಂದಳು. ನನ್ನ ಸೊಸೆ ಗಾಬರಿಯಾಗಿ, "ಎಲ್ಲಿ ಮುಂದಿಂದವ್ವಾ, ಸಾಕು," ಅಂದಳು.

ನಾನು ಅಂದದ್ದನ್ನು ಸೊಸೆಯ ತಂಗಿ ಫೋನಿನಲ್ಲಿ ತುಂಬಿಕೊಂಡಿದ್ದಳಂತೆ. ಮಗ ಅದನ್ನೂ ಇದನ್ನೂ ಕೂಡಿಸಿ ಒಂದೇ ಫೈಲ್ ಮಾಡಿದ. ಮೊದಲ ಅರ್ಧ ಅಕ್ಕ, ಕಡೆಯ ಅರ್ಧ ನಾನು, ನಡುವೆ ನನ್ನ ಬೈಗುಳ. ನೆಗೆಣ್ಣಿ ಬಂದಾಗ ಕೇಳಿಸಿ, ಬೈದ ಜಾಗ ಕತ್ತರಿಸಲೇನು ಎಂದು ಕೇಳಿದ. ಆಕೆ ತಲೆ ಅಲ್ಲಾಡಿಸಿ ನನ್ನ ಕಿವಿ ಎಳೆದುಕೊಂಡಳು.

"ಬ್ಯಾಡ. ನೀ ನನ್ನ ಪದ ನಿಲ್ಲಿಸಿದ್ದಕ್ಕ ಸಾಕ್ಷಿ ಇರ್ಲಿ."

ಈಗ ಆ ಫೈಲ್ ಪೆನ್‌ಡ್ರೈವಿನಲ್ಲಿ ಇದೆ, ಮಗನ ಫೋನಿನಲ್ಲಿ ಇದೆ, ಆಳಂದದಲ್ಲಿ ಯಾರು ಯಾರದೋ ಫೋನಿನಲ್ಲಿ ಇದೆ. ಒಂದೇ ಪದ ಇಷ್ಟು ಕಡೆ ಹೇಗೆ ಇರುತ್ತದೆ, ಒಬ್ಬರು ಅಳಿಸಿದರೆ ಉಳಿದವರಲ್ಲಿ ಹೇಗೆ ಉಳಿಯುತ್ತದೆ, ನನಗೆ ಬಗೆಹರಿಯುವುದಿಲ್ಲ. ಅಮಾವಾಸ್ಯೆಗೆ ಸೆಟ್ಟಿಗೆ ವಿಭೂತಿ ಎಳೆಯುತ್ತೇನೆ, ಪೆನ್‌ಡ್ರೈವಿಗೆ ಮುಚ್ಚಳ ಹಾಕಿ ದೂರದಿಂದ ಕೈ ಮುಗಿಯುತ್ತೇನೆ. ಹೊಲಿಗೆಯ ಬುಟ್ಟಿಗೆ ಬೇರೆ ಜಾಗ ಸಿಕ್ಕಿಲ್ಲ.

ನೆಗೆಣ್ಣಿ ಹದಿನೈದು ದಿನಕ್ಕೊಮ್ಮೆ ಕೊಳಕೂರಿನಿಂದ ಬರುತ್ತಾಳೆ. ಮೊದಲ ಅರ್ಧವನ್ನೂ ನನಗೆ ಕಲಿಸುತ್ತಿದ್ದಾಳೆ. ಪೆಟ್ಟಿಗೆಯಲ್ಲಿ ಇದೆಯಲ್ಲ ಅಂದರೆ, ಪೆಟ್ಟಿಗೆಗೆ ಏನಾದರೂ ಆದರೆ ಅನ್ನುತ್ತಾಳೆ. ಎರಡು ಡಬ್ಬಿಗಳ ನಡುವೆ ಕುಳಿತುಕೊಳ್ಳುತ್ತೇವೆ. ಆಕೆ ಉಸಿರಿನಲ್ಲಿ ಹೇಳುತ್ತಾಳೆ, ನಾನು ಅನ್ನುತ್ತೇನೆ. ಎರಡನೆಯ ಸಾಲಿನಲ್ಲಿ ಪ್ರತಿ ಸಲ ತಪ್ಪುತ್ತೇನೆ, ಪ್ರತಿ ಸಲ ಮೊಣಕಾಲಿಗೆ ಏಟು ಬೀಳುತ್ತದೆ. ಕಳೆದ ಸಲ ಏಟಿನ ಜಾಗಕ್ಕೆ ಎಣ್ಣೆ ಹಚ್ಚಿಕೊಂಡೆ.